ಮೆಡ್ಟ್ನರನ ಮೂರನೆಯ ಕಾನ್ಚೆರ್ಟೊ: ಒಂದು ಅರ್ಪಣೆಯ ಅರ್ಥ

ರಷ್ಯದ ಸಂಗೀತರಚನಕಾರ ನಿಕೊಲಾಯ್ ಮೆಡ್ಟ್ನರ್ (1880–1951) ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ರಚಿಸಿದ ಮೂರನೆಯ ಕಾನ್ಚೆರ್ಟೊ ಮೈಸೂರಿನ ಮಹಾರಾಜ ಶ್ರೀ ಜಯಚಾಮರಾಜ ಒಡೆಯರಿಗೆ ಅರ್ಪಿತವಾಗಿದೆ. ಈ ಸಂಗತಿಯನ್ನು ರಾಜೌದಾರ್ಯದ ನಿದರ್ಶನವಾಗಿ ಸ್ಮರಿಸುವುದುಂಟು. ಆದರೆ ಔದಾರ್ಯದ ಬೆಲೆ ಕೃತಿಯ ಗುಣದಿಂದಲೇ ನಿರ್ಣಯವಾಗತಕ್ಕದ್ದು.

ಕಾನ್ಚೆರ್ಟೊ ಎಂಬುದು ಒಂದು ಮುಖ್ಯವಾದ್ಯವೂ ವಾದ್ಯವೃಂದವೂ ಪರಸ್ಪರ ಸಂವಾದಿಸುವ ರಚನೆ. ನಮ್ಮ ಸೀಮೆಯ ತಾಳಮದ್ದಳೆಯ ಇಬ್ಬರು ಅರ್ಥಧಾರಿಗಳಂತೆ ಅವು ಒಂದೇ ಪ್ರಸಂಗವನ್ನು ವಾದ-ಪ್ರತಿವಾದಗಳಿಂದ ಬೆಳೆಸುತ್ತವೆ. 'ಬ್ಯಾಲಡ್' ಎಂಬ ಹೆಸರನ್ನೂ ಹೊತ್ತ ಪ್ರಕೃತ ಕೃತಿಗೆ ಲೆರ್ಮಂತೋವ್ ಕವಿಯ 'ರುಸಾಲ್ಕ' ಎಂಬ ಕವಿತೆ ಪ್ರೇರಣೆ. ನದಿಯ ತಳದಲ್ಲಿ ಮಲಗಿರುವ ಯೋಧನನ್ನು ಜಲಕನ್ಯೆ ಚುಂಬಿಸುತ್ತಾಳೆ, ಅವನು ಓಗೊಡುವುದಿಲ್ಲ. ಅವಳ ವಿಷಾದದಲ್ಲಿಯೇ ಕವಿತೆ ಮುಗಿಯುತ್ತದೆ.

ಮೆಡ್ಟ್ನರ್ ಅಲ್ಲಿಗೆ ನಿಲ್ಲುವುದಿಲ್ಲ. ಅಲೆಯಂತೆ ತೂಗುವ ಮೊದಲ ಭಾಗದ ಬಳಿಕ ಕಿರಿದಾದ ಮಧ್ಯಭಾಗವೊಂದು ಬಂದು, ಕೇಳುಗನನ್ನು ಅಂತಿಮಭಾಗಕ್ಕೆ ಒಯ್ಯುತ್ತದೆ. ಇದರ ಶಿರೋಭಾಗದಲ್ಲಿ 'ಎಚ್ಚರಗೊಳ್ಳುತ್ತ, ವೀರೋಚಿತವಾಗಿ' ಎಂಬರ್ಥದ ಸೂಚನೆಯಿದೆ. ಕವಿತೆಯಲ್ಲಿ ಕಣ್ತೆರೆಯದ ಯೋಧ ಸಂಗೀತದಲ್ಲಿ ಕಣ್ತೆರೆಯುತ್ತಾನೆ. ಈ ಭಾಗ ಅತಿದೀರ್ಘವೆಂಬ ಆಕ್ಷೇಪಕ್ಕೆ ಎಡೆಯುಂಟು. ಆದರೆ ಹಿಂದೆ ಕೇಳಿದ ಸ್ವರವಾಕ್ಯಗಳು ಹೊಸ ಧೈರ್ಯದಿಂದ ಮರಳಿ ಬರುವುದನ್ನು ಗಮನಿಸಿದರೆ, ದೀರ್ಘನಿದ್ರೆಯಿಂದ ಏಳುವುದು ಕ್ಷಣಮಾತ್ರದ ಕಾರ್ಯವಲ್ಲವೆಂಬುದು ಮನಗಾಣುತ್ತದೆ.

ಕೃತಿ 1943ರಲ್ಲಿ ಮುಗಿದು, 1944ರಲ್ಲಿ ಲಂಡನ್ನಿನಲ್ಲಿ ಮೊದಲು ಕೇಳಿಬಂದಿತು. ಮೈಸೂರಿನ ನೆರವು ದೊರೆತುದು ತರುವಾಯ. ಆದುದರಿಂದ ಇದು ಆಶ್ರಯಕ್ಕಾಗಿ ಬರೆದ ಕೃತಿಯಲ್ಲ. ಅರ್ಪಣೆ ಕೃತಜ್ಞತೆಯ ಮಾತು. ಆ ನೆರವಿನಿಂದಲೇ 1947ರಲ್ಲಿ ಮೆಡ್ಟ್ನರ್ ತನ್ನ ಮೂರೂ ಪಿಯಾನೊ ಕಾನ್ಚೆರ್ಟೊಗಳನ್ನು ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ತಾನೇ ನುಡಿಸಿದನು, ಅವು ಧ್ವನಿಮುದ್ರಿತವಾದವು. ನಾಲ್ಕು ವರ್ಷಗಳಲ್ಲಿ ಅವನು ತೀರಿಕೊಂಡನು. ಧ್ವನಿಮುದ್ರಣ ತಡವಾಗಿದ್ದರೆ ಆ ಬೆರಳುಗಳ ಸಾಕ್ಷ್ಯ ನಮಗೆ ಉಳಿಯುತ್ತಿರಲಿಲ್ಲ.

ಸಂಗೀತದ ಮೂಲನಿಯಮಗಳು ಕಾಲದ ಒಲವಿಗೆ ಅಧೀನವಲ್ಲವೆಂದು ಮೆಡ್ಟ್ನರ್ 1935ರ ತನ್ನ ಗ್ರಂಥದಲ್ಲಿ ವಾದಿಸಿದ್ದನು. ಅಂಥವನನ್ನು ಹೊಸಗಾಲದ ರುಚಿ ಬದಿಗಿಟ್ಟಿದ್ದರೆ ಆಶ್ಚರ್ಯವಿಲ್ಲ. ಪಾಶ್ಚಾತ್ಯ ಪಿಯಾನೊವನ್ನು ಅಭ್ಯಸಿಸಿದ್ದ ಮಹಾರಾಜರು 'ಶ್ರೀವಿದ್ಯಾ' ಮುದ್ರಿಕೆಯಿಂದ ಕರ್ಣಾಟಕ ಸಂಗೀತದ ಕೃತಿಗಳನ್ನೂ ರಚಿಸಿದವರು. ಸಂಪ್ರದಾಯದ ಕಟ್ಟಿನೊಳಗೇ ಹೊಸತನ್ನು ನುಡಿಯುವ ಬಗೆ ಇಬ್ಬರ ರಚನೆಗಳಲ್ಲಿಯೂ ಕಾಣುತ್ತದೆ. ಹೀಗಾಗಿ ಈ ಪೋಷಣೆಯನ್ನು ದಾನವೆನ್ನುವುದಕ್ಕಿಂತ ವಿಮರ್ಶೆಯೆನ್ನುವುದೇ ಯುಕ್ತ: ಬಲ್ಲ ಕಿವಿಯೊಂದು ತನ್ನ ಕಾಲದ ರುಚಿಗೆ ವಿರುದ್ಧವಾಗಿ ಕೊಟ್ಟ ತೀರ್ಪು ಇದು. ವಿದ್ಯಾರ್ಥಿಗಳು ಅರ್ಪಣೆಯನ್ನಷ್ಟೇ ನೆನೆಯದೆ, ಆ ಧ್ವನಿಮುದ್ರಣವನ್ನು ಆದ್ಯಂತ ಕೇಳಿ ಈ ತೀರ್ಪನ್ನು ಸ್ವತಃ ಪರೀಕ್ಷಿಸತಕ್ಕದ್ದು.