ಕೂತ ಜಾಗ ನೋಡದೆ ಕಾರಣ ಹೇಳಬೇಡಿ

ಕುಂಸಿಯ ನೆಲದಿಂದ ಮ್ಯಾಂಗನೀಸ್ ತೆಗೆದರು. ಕೆಮ್ಮಣ್ಣುಗುಂಡಿಯ ಅದಿರು 1923ರಿಂದ ಭದ್ರಾವತಿಯ ಕುಲುಮೆಯಲ್ಲಿ ಕಬ್ಬಿಣವಾಯಿತು. ಈ ಎರಡು ಲೋಹಗಳೂ ಆಮ್ಲಜನಕದೊಡನೆ ಒಂದೇ ಹರಳಿನಲ್ಲಿ ಸೇರಿದರೆ ಅದು ಮ್ಯಾಂಗನೀಸ್ ಫೆರೈಟ್. ಇದರ ನ್ಯಾನೋಕಣಗಳ ಬಗ್ಗೆ ಎರಡು ನಂಬಿಕೆಗಳು ಬೇರೂರಿವೆ: ಕಣ ಕಿರಿದಾದಷ್ಟೂ ಕಾಂತಬಲ ಹೆಚ್ಚು, ಬೆರೆಸುವ ಲೋಹಕ್ಕೆ ಕಾಂತಗುಣ ಇದ್ದಷ್ಟೂ ಲಾಭ. ಎರಡನ್ನೂ ನಾನು ಒಪ್ಪುವುದಿಲ್ಲ.

ಈ ಫೆರೈಟ್ ಸ್ಪಿನೆಲ್ ಬಗೆಯ ಹರಳು. ಅದರ ಒಂದು ಘಟಕದಲ್ಲಿ 32 ಆಕ್ಸಿಜನ್ ಅಯಾನುಗಳಿವೆ. ಅವುಗಳ ಸಂದಿನಲ್ಲಿ ಲೋಹ ಕೂರುವ ಮನೆಗಳು ಎರಡು ಬಗೆ: ನಾಲ್ಕು ಆಕ್ಸಿಜನ್ ಸುತ್ತುವರಿದ 8 ಮನೆ, ಆರು ಸುತ್ತುವರಿದ 16 ಮನೆ. ಎರಡು ಗುಂಪಿನ ಕಾಂತತ್ವ ಎದುರುಬದುರು ಎಳೆಯುತ್ತದೆ ಎಂದು 1948ರಲ್ಲಿ ಲೂಯಿ ನೀಲ್ ತೋರಿಸಿದರು. ನಮ್ಮ ಕೈಗೆ ಸಿಗುವುದು ಈ ಹಗ್ಗಜಗ್ಗಾಟದಲ್ಲಿ ಉಳಿದ ವ್ಯತ್ಯಾಸ ಮಾತ್ರ.

ಈಗ ಬೆರೆಸುವ ಲೋಹವಾಗಿ ಸತುವನ್ನು ನೋಡಿ. ಅದಕ್ಕೆ ಕಾಂತಗುಣವೇ ಇಲ್ಲ. ಆದರೆ ಅದು ನಾಲ್ಕರ ಮನೆಗೆ ಹೋಗಿ ಸೋಲುವ ಕಡೆಯ ಎಳೆತವನ್ನು ಇನ್ನಷ್ಟು ಸಡಿಲಿಸುತ್ತದೆ. ಹಾಗಾಗಿ ಅತಿ ಶೀತದಲ್ಲಿ ಅಳೆದರೆ ಒಟ್ಟು ಕಾಂತತ್ವ ಏರುತ್ತದೆ. ನಾಲ್ಕರ ಮನೆಗಳಲ್ಲಿ ಸತು ಅರ್ಧದ ಆಸುಪಾಸು ದಾಟಿದರೆ ಎರಡು ಗುಂಪಿನ ನಂಟೇ ಕುಗ್ಗಿ, ಸ್ಪಿನ್‌ಗಳು, ಅಂದರೆ ಅಯಾನುಗಳ ಕಿರುಕಾಂತಗಳು, ಓರೆಯಾಗಿ, ಬಲ ಇಳಿಯುತ್ತದೆ.

ಗಾತ್ರದ ಮಾತಿಗೆ ಲೆಕ್ಕವೇ ಉತ್ತರ. 50 ನ್ಯಾನೋಮೀಟರ್ ಕಣದಲ್ಲಿ ಅರ್ಧ ನ್ಯಾನೋಮೀಟರಿನ ಹೊರಪದರ ಗಾತ್ರದ ಶೇ. 6ರಷ್ಟು, 5 ನ್ಯಾನೋಮೀಟರ್ ಕಣದಲ್ಲಿ ಸುಮಾರು ಅರ್ಧ. ಆ ಪದರದ ಸ್ಪಿನ್‌ಗಳು ಸಾಲು ತಪ್ಪಿರುತ್ತವೆ. ಆದ್ದರಿಂದ ಸಾಮಾನ್ಯವಾಗಿ ಕಣ ಕಿರಿದಾದಂತೆ ಗರಿಷ್ಠ ಕಾಂತತ್ವ ಕುಸಿಯುತ್ತದೆ. ಕಿರಿದಾಗುವುದರ ಲಾಭ ಬೇರೆ ಇದೆ: ಕಾಂತಕ್ಷೇತ್ರ ತೆಗೆದೊಡನೆ ಕಾಂತತ್ವ ಉಳಿಯದ ಕಣ ವೈದ್ಯಕೀಯಕ್ಕೆ ಬೇಕು. ಕಿರಿದಾದಂತೆ ಕಾಂತತ್ವ ಕುಸಿಯುವ ನಿಯಮಕ್ಕೆ ಸತು ಫೆರೈಟ್ ಹೊರತು. ದೊಡ್ಡ ಹರಳಾಗಿ ಕೋಣೆಯ ತಾಪದಲ್ಲಿ ಅದು ಅಯಸ್ಕಾಂತಕ್ಕೆ ಅಷ್ಟಾಗಿ ಸ್ಪಂದಿಸದು. ನ್ಯಾನೋ ರೂಪದಲ್ಲಿ ಸ್ಪಂದಿಸುತ್ತದೆ, ಏಕೆಂದರೆ ಸತು, ಕಬ್ಬಿಣದ ಅಯಾನುಗಳು ಮನೆ ಬದಲಿಸಿಕೊಂಡಿರುತ್ತವೆ. ಅಲ್ಲಿಯೂ ಗುಣ ಕೊಟ್ಟದ್ದು ಕೂತ ಜಾಗವೇ.

ಹಾಗಾದರೆ ಜಾಗ ತಿಳಿಯುವುದು ಹೇಗೆ? ನನ್ನ ಮುಖ್ಯ ತಕರಾರು ಇಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರ ತಂಡ 1980ರ ದಶಕದಲ್ಲಿ ಬೆಳೆಸಿದ ದ್ರಾವಣ ದಹನ ವಿಧಾನದಿಂದ, ನೈಟ್ರೇಟ್ ಮತ್ತು ಯೂರಿಯಾದಂಥ ಇಂಧನ ಉರಿಸಿ, ಕೆಲವೇ ನಿಮಿಷಗಳಲ್ಲಿ ಪುಡಿ ಸಿದ್ಧವಾಗುತ್ತದೆ. ಸಣ್ಣ ಪ್ರಯೋಗಾಲಯಗಳಿಗೂ ಇದು ದೊಡ್ಡ ವರ. ಆಮೇಲೆ ಎಕ್ಸ್‌ರೇ ಚಿತ್ರ ತೆಗೆದು, ಕಾಂತತ್ವ ಅಳೆದು, ‘ಅಯಾನುಗಳ ಹಂಚಿಕೆಯಿಂದ ಹೀಗಾಯಿತು’ ಎಂದು ಬರೆಯುವ ರೂಢಿಯಿದೆ. ಆದರೆ ಎರಡು ಆವೇಶದ ಮ್ಯಾಂಗನೀಸಿಗೂ ಮೂರು ಆವೇಶದ ಕಬ್ಬಿಣಕ್ಕೂ ತಲಾ 23 ಎಲೆಕ್ಟ್ರಾನ್. ಸಾಧಾರಣ ಎಕ್ಸ್‌ರೇಗೆ ಇವೆರಡೂ ಅವಳಿಗಳು. ಮೇಲಾಗಿ ಗಾಳಿಯಲ್ಲಿ ಕಾಸಿದಾಗ ಮ್ಯಾಂಗನೀಸಿನ ಆವೇಶ ಮೂರಕ್ಕೇರಬಹುದು. ನ್ಯೂಟ್ರಾನ್ ವಿವರ್ತನೆ ಈ ಎರಡು ಲೋಹಗಳನ್ನು ಸ್ಪಷ್ಟವಾಗಿ ಬೇರೆ ಮಾಡುತ್ತದೆ. ಕಬ್ಬಿಣ ಯಾವ ಮನೆಯಲ್ಲಿದೆ ಎಂದು ಮೋಸ್‌ಬೌವರ್ ರೋಹಿತ ಪರೀಕ್ಷೆ ಹೇಳುತ್ತದೆ.

ಈ ಸೌಲಭ್ಯ ಎಲ್ಲ ಊರಲ್ಲೂ ಇಲ್ಲ, ನಿಜ. ಹಾಗಿದ್ದರೆ ಮಾದರಿಯನ್ನು ಇರುವಲ್ಲಿಗೆ ಕಳಿಸೋಣ. ಅದೂ ಆಗದಿದ್ದರೆ ಅಳೆದದ್ದನ್ನು ಅಳತೆಯೆಂದೂ ಊಹಿಸಿದ್ದನ್ನು ಊಹೆಯೆಂದೂ ಬರೆಯೋಣ. ನಮ್ಮ ವಿದ್ಯಾರ್ಥಿಗೆ ಮೊದಲು ಕಲಿಸಬೇಕಾದದ್ದು ಈ ಪ್ರಾಮಾಣಿಕತೆ.