ಸಮ್ಮೇಳನಕ್ಕೆ ಹೋಗಿ ಏನು ತಂದಿ?

2016ರ ಡಿಸೆಂಬರ್ 2ರಿಂದ 4ರವರೆಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಬಯಲಿನಲ್ಲಿ 82ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ನೋಟು ರದ್ದಾಗಿ ತಿಂಗಳು ತುಂಬಿರಲಿಲ್ಲ. ದೇವದುರ್ಗದಿಂದ ಇಬ್ಬರು, ಮಾನ್ವಿಯಿಂದ ಮೂವರು, ಹೀಗೆ ಐದು ಜನ ಕಾಲೇಜು ಹುಡುಗರು ಬಸ್ಸಿನ ರೊಕ್ಕ ಅಲ್ಲಿ ಇಲ್ಲಿ ಹೊಂದಿಸಿಕೊಂಡು ಹೋದೆವು. ಮೂರನೆಯ ರಾತ್ರಿ ಊರಿಗೆ ಬಂದಾಗ, ಹತ್ತಿ ಬಿಡಿಸಿ ಬಂದು ಕುಂತಿದ್ದ ನಮ್ಮಲ್ಲೊಬ್ಬನ ಅವ್ವ ಕೇಳಿದಳು: "ಕಾಲೇಜೂ ಬಿಟ್ಟಿ, ಕೂಲೀನೂ ಬಿಟ್ಟಿ. ಹೋಗಿ ಏನ್ ತಂದಿಯಪಾ?"

ಅವತ್ತು ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ. ಈಗ ಲೆಕ್ಕ ಒಪ್ಪಿಸಬೇಕು.

ರಾಯಚೂರಿಗೆ ಸಮ್ಮೇಳನ ಹೊಸದಲ್ಲ. ನಿಜಾಮನ ಆಳ್ವಿಕೆ ಇದ್ದ 1934ರಲ್ಲಿ ಪಂಜೆ ಮಂಗೇಶರಾಯರು, 1956ರಲ್ಲಿ ಶ್ರೀರಂಗರು ಇಲ್ಲಿ ಅಧ್ಯಕ್ಷರಾಗಿದ್ದರು. ಆದರೆ ನಮ್ಮ ಮನೆಗಳಿಂದ ಅಕ್ಷರ ಕಲಿತು ಸಮ್ಮೇಳನದ ಪೆಂಡಾಲಿನೊಳಗೆ ಕಾಲಿಟ್ಟವರು ನಾವೇ ಮೊದಲಿಗರು.

ನಮ್ಮ ಸಂಗಾತಿಗಳಲ್ಲಿ ಎರಡು ವಾದಗಳಿವೆ. "ಅದು ಉಳ್ಳವರ ಜಾತ್ರಿ, ನಮಗ್ಯಾಕ ಬೇಕು?" ಎನ್ನುವುದು ಒಂದು. "ಹೋದ್ರ ನಾಲ್ಕು ಮಂದಿಗೆ ಹೆಸರು ಗೊತ್ತಾಗ್ತದ" ಎನ್ನುವುದು ಇನ್ನೊಂದು. ಎರಡೂ ಅರ್ಧ ಸತ್ಯ.

1885ರಲ್ಲಿ ಮರಾಠಿ ಗ್ರಂಥಕಾರರ ಸಭೆಗೆ ಕರೆ ಬಂದಾಗ ಜ್ಯೋತಿಬಾ ಫುಲೆ ಪತ್ರ ಬರೆದು ನಿರಾಕರಿಸಿದರು. ಎಲ್ಲ ಜನರ ಮಾನವ ಹಕ್ಕುಗಳನ್ನು ಒಪ್ಪದವರ ಸಭೆಗೂ ನಮಗೂ ಕೂಡಿಬರದು ಎಂಬುದು ಅದರ ತಾತ್ಪರ್ಯ. 1958ರಲ್ಲಿ ಮುಂಬಯಿಯಲ್ಲಿ ದಲಿತ ಸಾಹಿತ್ಯ ಸಮ್ಮೇಳನವೇ ಬೇರೆಯಾಗಿ ಸೇರಿತು. ಅಣ್ಣಾಭಾವು ಸಾಠೆ ಅದನ್ನು ಉದ್ಘಾಟಿಸಿದರು. ನಮ್ಮಲ್ಲಿ 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಇಡಿರೆಂದು ಈ ಭಾಗದವರೇ ಆದ ಚೆನ್ನಣ್ಣ ವಾಲೀಕಾರರು ಕೇಳಿದರು. ಸಾಹಿತ್ಯದಲ್ಲಿ ಇಂಥ ವಿಂಗಡಣೆ ಸಲ್ಲದೆಂಬ ನೆಪದಲ್ಲಿ ಬೇಡಿಕೆ ಬಿದ್ದುಹೋಯಿತು. ಅದೇ ವರ್ಷದ ಮಾರ್ಚ್ 10, 11ರಂದು ಬೆಂಗಳೂರಿನಲ್ಲಿ ಮೊದಲ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಗೋಷ್ಠಿ ಕೇಳಿದ್ದಕ್ಕೇ ಬಾಗಿಲು ಮುಚ್ಚಿರುವುದು ಊರಿಗೆಲ್ಲ ಗೊತ್ತಾಯಿತು. ಸುಮ್ಮನೆ ಮನೆಯಲ್ಲಿ ಕುಂತಿದ್ದರೆ?

ಆ ಬಂಡಾಯ ಸಂಘಟನೆ ಕಟ್ಟಿದವರಲ್ಲೊಬ್ಬರಾದ ಬರಗೂರು ರಾಮಚಂದ್ರಪ್ಪನವರೇ ರಾಯಚೂರು ಸಮ್ಮೇಳನದ ಅಧ್ಯಕ್ಷರು. ಬಂಡಾಯ ಗೆದ್ದಿತೇ, ಇಲ್ಲಾ ಪಲ್ಲಕ್ಕಿ ಏರಿತೇ? ನಾವು ಐವರೂ ರಾತ್ರಿಯಿಡೀ ಜಗಳಾಡಿದೆವು, ಒಮ್ಮತಕ್ಕೆ ಬರಲಿಲ್ಲ. ಆ ಜಗಳ ನಮ್ಮ ಮೊದಲ ಗಳಿಕೆ.

ಎರಡನೆಯದು ಪುಸ್ತಕದ ಮಳಿಗೆಯಲ್ಲಿ ದಕ್ಕಿತು. ಕೊಳ್ಳಲು ರೊಕ್ಕವಿಲ್ಲದೆ ನಿಂತಲ್ಲೇ ಓದುತ್ತಿದ್ದ ನಮ್ಮ ಹತ್ತಿರ ಹಳ್ಳಿಯ ಮಾಸ್ತರರೊಬ್ಬರು ಬಂದರು. ಗೆಳೆಯನ ನೋಟುಬುಕ್ಕು ಇಸಕೊಂಡು ಹನ್ನೆರಡು ಸಾಲಿನ ಪದ್ಯದಲ್ಲಿ ಎಂಟು ಸಾಲು ಹೊಡೆದುಹಾಕಿ, "ತಮ್ಮಾ, ಈ ನಾಲ್ಕು ನಿನ್ನವು. ಉಳಿದದ್ದು ನೀ ಓದಿದ್ದು" ಎಂದರು. ನಮಗೆ ಬೇಕಾಗಿದ್ದವನು ಇಂಥ ಓದುಗ.

ನಷ್ಟವನ್ನೂ ಹೇಳಬೇಕು. ಆಮೇಲೆ ನಾವೂ ಕವಿಗೋಷ್ಠಿಗಳಲ್ಲಿ ಓದಿದೆವು. ಓದಿದ ಕವಿ ಎದ್ದು ಹೋಗುತ್ತಾನೆ. ಕೊನೆಯ ಕವಿಗೆ ಮೈಕಿನವನೊಬ್ಬನೇ ಶ್ರೋತೃ. ದೇವದುರ್ಗದ ಗೆಳೆಯ ಬೆಂಗಳೂರಿಗೆ ಗುಳೆ ಹೋದ ಅಕ್ಕನ ಮೇಲೆ ಪದ್ಯ ಓದಿದ. ಕೊನೆಗೆ 'ಬೆಂಕಿ' ಬಂದ ಕೂಡಲೇ ಚಪ್ಪಾಳೆ ಬಿತ್ತು. ಅಕ್ಕ ಯಾವ ಕಟ್ಟಡದ ಕೆಲಸಕ್ಕೆ ಹೋಗಿದ್ದಾಳೆ, ತಿರುಗಿ ಬಂದಳೇ ಎಂದು ಒಬ್ಬರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಅವನ ಮುಂದಿನ ಪದ್ಯದಲ್ಲಿ ಬರೀ ಬೆಂಕಿ ಇತ್ತು, ಅಕ್ಕ ಇರಲಿಲ್ಲ. ಚಪ್ಪಾಳೆ ನಮ್ಮ ಕಾವ್ಯವನ್ನು ಹೀಗೂ ಕೊಲ್ಲುತ್ತದೆ. ಇದಕ್ಕೆ ಪುರೋಹಿತಶಾಹಿಯನ್ನು ದೂರಿ ಪ್ರಯೋಜನವಿಲ್ಲ, ತಪ್ಪು ನಮ್ಮದು.

ಬಾಗಿಲು ಬಡಿಯುವ ಕೆಲಸ ಇನ್ನೂ ಮುಗಿದಿಲ್ಲ. 2023ರ ಜನವರಿಯಲ್ಲಿ ಹಾವೇರಿ ಸಮ್ಮೇಳನ ಮುಸ್ಲಿಂ ಬರಹಗಾರರನ್ನು ಕಡೆಗಣಿಸಿದೆ ಎಂಬ ಪ್ರತಿಭಟನೆಯಿಂದ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಯಿತು. 2024ರಲ್ಲಿ ಮಂಡ್ಯ ಸಮ್ಮೇಳನದ ಸೂಚನೆಗಳಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ನಮ್ಮ ಬಾಡೂ ನಿಷಿದ್ಧವಾಗಿತ್ತು. ಜನ ಎದ್ದು ಪ್ರಶ್ನಿಸಿದರು. ಕನ್ನಡದ ಹಬ್ಬದಲ್ಲಿ ಯಾರ ಊಟ ಊಟ, ಯಾರ ಮಾತು ಸಾಹಿತ್ಯ? ಇದನ್ನು ಅಲ್ಲಿಗೇ ಹೋಗಿ ಕೇಳಬೇಕು.

ಆದ್ದರಿಂದ ಹೋಗೋಣ. ಶಾಲಿಗಾಗಿ ಅಲ್ಲ, ಪ್ರಶ್ನೆ ಹೊತ್ತುಕೊಂಡು ಹೋಗೋಣ. ಹೋದವರು ಮರುದಿನ ಕೇರಿಯಲ್ಲಿ ಕುಂತು, ಏನು ಕೇಳಿದೆವು, ಏನು ಕೇಳಲಾಗದೆ ಬಂದೆವು ಎಂದು ಹೇಳಬೇಕು. ಮಾಸ್ತರರೆ, ಹಾಜರಾತಿ ಪತ್ರ ತಂದು ಕಚೇರಿಗೆ ಕೊಡ್ತೀರಿ. ಶಾಲಿ ಮಕ್ಕಳಿಗೆ ಏನು ತಂದ್ರಿ? ವಿದ್ಯಾರ್ಥಿ ಗೆಳೆಯರೆ, ಒಬ್ಬರ ಪದ್ಯ ಇನ್ನೊಬ್ಬರು ಪೂರಾ ಕೇಳುವ ಹತ್ತು ಜನರ ಕೂಟ ದೇವದುರ್ಗದಲ್ಲೂ ಮಾನ್ವಿಯಲ್ಲೂ ಆಗಲಿ. ಅದಕ್ಕೆ ಪೆಂಡಾಲು ಬೇಡ, ಒಂದು ಗಿಡದ ನೆರಳು ಸಾಕು.

ಆ ಕೂಟದಲ್ಲಿ ಮೊದಲು ಅಕ್ಕನ ಸುದ್ದಿ ಕೇಳೋಣ.