ಅಲ್‌ಹಂಬ್ರಾ ಇಲ್ಲದ ಗ್ರನಡಾ

ಬಾದಾಮಿಗೆ ಬರುವ ಹೆಚ್ಚಿನ ಪ್ರವಾಸಿಗರು ಗುಹಾಲಯ ನೋಡಿ ಮರಳುತ್ತಾರೆ. ಹಾನಗಲ್ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರದ ದಾಸೋಹದಲ್ಲಿ ಕೂತು ಉಂಡವರು ಅಲ್ಲಿಯ ಜನರನ್ನೂ ಕಂಡು ಹೋಗುತ್ತಾರೆ. ಪ್ರವಾಸ ಕಥನಗಳಲ್ಲೂ ಈ ಎರಡು ಬಗೆ ಇವೆ. ಮೊರೊಕ್ಕೋದ ಇಬ್ನ್ ಬತೂತಾರ ‘ರಿಹ್ಲಾ’ ಎರಡನೆಯ ಬಗೆಯದು.

1350ರ ಸುಮಾರಿಗೆ ಅವರು ಸ್ಪೇನಿನ ಗ್ರನಡಾಕ್ಕೆ ಹೋದರು. ಅಲ್ಲಿಯ ಅಲ್‌ಹಂಬ್ರಾ ಅರಮನೆಯ ವರ್ಣನೆಯೇ ಈ ಗ್ರಂಥದಲ್ಲಿಲ್ಲ. ಸುಲ್ತಾನ ಅಸ್ವಸ್ಥನಾಗಿದ್ದುದರಿಂದ ಭೇಟಿಯೂ ಆಗಲಿಲ್ಲ. ಆದರೆ ಊರಿನ ಗಣ್ಯರೊಬ್ಬರ ತೋಟದಲ್ಲಿ ಕಳೆದ ಎರಡು ಹಗಲು, ಒಂದು ರಾತ್ರಿಯ ಮಾತಿದೆ. ಅಲ್ಲಿ ನೆಲೆಸಿದ್ದ ಫಕೀರರಲ್ಲಿ ಇಬ್ಬರು ಹಿಂದೂಸ್ತಾನದವರೆಂಬ ವಿವರವಿದೆ. ಆ ತೋಟದಲ್ಲಿ ಕಥೆ ಕೇಳಿದ ತರುಣ ಇಬ್ನ್ ಜುಝೈಯೇ ಮುಂದೆ ಫೆಝ್ ನಗರದಲ್ಲಿ, 1355ರಲ್ಲಿ, ಈ ಗ್ರಂಥವನ್ನು ಬರೆದು ಮುಗಿಸಿದ. ಅರಮನೆ ಕೊಡದ್ದನ್ನು ಸ್ನೇಹ ಕೊಟ್ಟಿತು.

ನಮ್ಮ ಹೊನ್ನಾವರದ ಪುಟಗಳೂ ಹಾಗೆಯೇ. ಸುಲ್ತಾನ ಜಮಾಲುದ್ದೀನನ ಬಳಿ ಹನ್ನೊಂದು ತಿಂಗಳು ರೊಟ್ಟಿಯಿಲ್ಲದೆ ಅನ್ನ ಉಂಡ ಅತಿಥಿ ತುಪ್ಪ, ಉಪ್ಪಿನಕಾಯಿ, ಕೊನೆಗೆ ಬರುವ ಮೊಸರಿನವರೆಗೆ ಬಡಿಸುವ ಕ್ರಮವನ್ನೇ ಬರೆದಿದ್ದಾರೆ. ಹೆಣ್ಣುಮಕ್ಕಳ 13 ಶಾಲೆಗಳನ್ನು ಎಣಿಸಿದ್ದಾರೆ.

ಆದರೆ ಅತಿಥಿಯ ಕಣ್ಣಿಗೂ ಮಿತಿಯಿದೆ. ಬಡಿಸಿದ ದಾಸಿಯ ರೇಷ್ಮೆ ಉಡುಗೆ ಅವರಿಗೆ ಕಂಡಿತು. ಅವಳ ಹೆಸರು ಪುಟಕ್ಕೆ ಬರಲಿಲ್ಲ. ಆತಿಥ್ಯ ಪಡೆದು ಬರೆಯುವವರು ಎಚ್ಚರವಿರಬೇಕಾದದ್ದು ಇಲ್ಲಿಯೇ. ಕಟ್ಟಡದ ಎತ್ತರ ಮಾರ್ಗದರ್ಶಿ ಪುಸ್ತಕದಲ್ಲೂ ಸಿಗುತ್ತದೆ. ಮನೆಯೊಡೆಯನ ಜೊತೆಗೆ ಬಡಿಸಿದ ಕೈಯನ್ನೂ ಗುರುತಿಸುವ ಪ್ರವಾಸ ಕಥನ ನಮಗೆ ಬೇಕು.